ತಾರಸಿ ಮೇಲಿನ ಟೆಲಿಸ್ಕೋಪ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಸ್ಮಾರ್ಟ್ ಟೆಲಿಸ್ಕೋಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ಬರೆದಿದ್ದು, ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ ಇದು ಎರಡೂವರೆ ಕೆಜಿ ತೂಕದ ಒಂದು ಡಬ್ಬಿ, ಕಣ್ಣಿಟ್ಟು ನೋಡೋ ಐಪೀಸ್ ಇರಲ್ಲ, ಮೊಬೈಲ್ ಆ್ಯಪಲ್ಲಿ ಹೆಸರು ಒತ್ತಿದ್ರೆ ತಾನೇ ಆಕಾಶದ ಫೋಟೋ ತೆಗೆದು, ನಕ್ಷತ್ರಗಳ ಜೋಡಣೆನ ತನ್ನೊಳಗಿನ ನಕ್ಷೆಗೆ ಹೋಲಿಸಿ, ಎಲ್ಲಿ ನೋಡ್ತಿದೀನಿ ಅಂತ ಕಂಡ್ಕೊಂಡು ಬೇಕಾದ ಕಡೆ ತಿರುಗತ್ತೆ. ಆಮೇಲೆ ಹತ್ತು ಹತ್ತು ಸೆಕೆಂಡಿನ ಫೋಟೋ ತೆಗೀತಾ ಒಂದರ ಮೇಲೊಂದು ಕೂಡಿಸ್ತಾ ಹೋಗತ್ತೆ. ನನ್ನ ಹತ್ರ ಇರೋದು ಸೀಸ್ಟಾರ್ ಎಸ್50, ಹಾಗಾಗಿ ಕೆಳಗಿನ ಲೆಕ್ಕಗಳು ಅದರದ್ದು. ಡ್ವಾರ್ಫ್, ವೆಸ್ಪೆರಾ ಇಟ್ಕೊಂಡಿರೋರಿಗೂ ಕಥೆ ಹೆಚ್ಚುಕಮ್ಮಿ ಇದೇ.

ಪ್ರಶ್ನೆ: ಶನಿ ಉಂಗುರ ತೋರಿಸ್ತೀನಿ ಬನ್ನಿ ಅಂತ ಬೀದಿಯವರನ್ನೆಲ್ಲ ಕರೆದು ಮರ್ಯಾದೆ ಕಳ್ಕೊಂಡೆ ಸರ್. ಸ್ಕ್ರೀನಲ್ಲಿ ಕಂಡಿದ್ದು ಒಂದು ಕಡಲೆಕಾಳು. ಎಷ್ಟು ಝೂಮ್ ಮಾಡಿದ್ರೂ ದೊಡ್ಡ ಕಡಲೆಕಾಳು ಆಗತ್ತೆ ಅಷ್ಟೆ. ಟೆಲಿಸ್ಕೋಪ್ ಡಿಫೆಕ್ಟಾ?
(ತುಮಕೂರಿನಿಂದ)

ಉತ್ತರ: ಡಿಫೆಕ್ಟ್ ಅಲ್ಲ ಸರ್, ಅದರ ಕೈಲಿ ಆಗದ ಕೆಲಸ ಕೊಟ್ಟಿದೀರ. ಇದರ ಫೋಕಲ್ ಲೆಂತ್, ಅಂದ್ರೆ ಲೆನ್ಸಿಂದ ಚಿತ್ರ ಮೂಡೋ ಜಾಗಕ್ಕಿರೋ ದೂರ, ಬರೀ 250 ಮಿಲಿಮೀಟರ್, ಅದು ಕಮ್ಮಿ ಇದ್ದಷ್ಟೂ ಚಿತ್ರ ಚಿಕ್ಕದು. ಲೆಕ್ಕ ಹಾಕಿದ್ರೆ ಚಿತ್ರದ ಅಡ್ಡಕ್ಕೆ 1080 ಪಿಕ್ಸೆಲ್, ಅದರಲ್ಲಿ ಶನಿಗೆ ಉಂಗುರ ಸೇರಿಸಿ ಸಿಗೋದು ಸುಮಾರು ಹದಿನೆಂಟು. ಅಷ್ಟರಲ್ಲಿ ಕಡಲೆಕಾಳೇ ಬರೋದು. ಗುರುಗ್ರಹದ್ದೂ ಅದೇ ಹಣೆಬರಹ, ಪಕ್ಕದಲ್ಲಿ ನಾಲ್ಕು ಚುಕ್ಕಿ ಥರ ಅದರ ಚಂದ್ರರು ಕಾಣ್ತಾರೆ ಅನ್ನೋದೇ ಸಮಾಧಾನ. ನಮ್ಮ ಚಂದ್ರ ಆದ್ರೆ 750 ಪಿಕ್ಸೆಲ್ ಅಗಲ ಬರ್ತಾನೆ, ಕುಳಿಗಳು, ಅದರ ನೆರಳು ಎಲ್ಲ ಚೆನ್ನಾಗಿ ಸಿಗತ್ತೆ. ಆದ್ರೆ ಹುಣ್ಣಿಮೆ ದಿನ ಬೇಡ, ಆವತ್ತು ನೆರಳೇ ಇರಲ್ಲ. ಅಷ್ಟಮಿ ಆಸುಪಾಸು ತೆಗೀರಿ, ಬೀದಿಯವರನ್ನ ಕರಿಯೋದೂ ಆವತ್ತೇ.

ಇನ್ನೊಂದು ವಿಷಯ, 2025ರ ಮಾರ್ಚಲ್ಲಿ ಶನಿಯ ಉಂಗುರ ಭೂಮಿಗೆ ಅಂಚು ತಿರುಗಿಸಿತ್ತು, ಅದಾದ್ಮೇಲೂ ಎಷ್ಟೋ ತಿಂಗಳು ಗೀಟು ಎಳೆದಂಗೆ ತೆಳ್ಳಗೇ ಇತ್ತು, ಈಗ ನಿಧಾನಕ್ಕೆ ವರ್ಷ ವರ್ಷ ಅಗಲ ಆಗ್ತಾ ಹೋಗತ್ತೆ. ಗ್ರಹಗಳ ಹುಚ್ಚೇ ಇದ್ರೆ ಆರು ಇಲ್ಲಾ ಎಂಟು ಇಂಚಿನ ಡಾಬ್ಸೋನಿಯನ್, ಅಂದ್ರೆ ಕೈಯಲ್ಲೇ ತಿರುಗಿಸೋ ದೊಡ್ಡ ಕನ್ನಡಿ ಟೆಲಿಸ್ಕೋಪ್ ತಗೊಳ್ಳಿ, ಕಣ್ಣಿಟ್ಟು ನೋಡೋ ಸುಖ ಬೇರೆ. ಮರ್ಯಾದೆ ವಿಚಾರಕ್ಕೆ ಬೇಜಾರು ಮಾಡ್ಕೋಬೇಡಿ, 1610ರಲ್ಲಿ ಗೆಲಿಲಿಯೋಗೂ ಶನಿ ಮೂರು ಬೊಟ್ಟು ಇಟ್ಟಂಗೆ ಕಂಡಿತ್ತು, ಅದು ಉಂಗುರ ಅಂತ ಅವನಿಗೆ ಸಾಯೋವರೆಗೂ ಗೊತ್ತಾಗ್ಲಿಲ್ಲ.

ಪ್ರಶ್ನೆ: ವಿಜಯನಗರದಲ್ಲಿ ಮೂರನೇ ಮಹಡಿ ತಾರಸಿ ನಮ್ದು. ಸುತ್ತ ಎಲ್ಇಡಿ ಬೀದಿದೀಪ, ಎದುರುಗಡೆ ಒಂದು ಕಲ್ಯಾಣ ಮಂಟಪ ಬೇರೆ. ಕಣ್ಣಿಗೆ ಹತ್ತು ನಕ್ಷತ್ರ ಕಂಡ್ರೆ ಹೆಚ್ಚು. ಇಲ್ಲಿಂದ ಏನಾದ್ರೂ ಸಿಗತ್ತಾ ಅಥವಾ ಸುಮ್ನೆ ದುಡ್ಡು ದಂಡನಾ?
(ಬೆಂಗಳೂರಿನಿಂದ ಒಬ್ಬ ಗೃಹಿಣಿ)

ಉತ್ತರ: ಸಿಗತ್ತೆ ಮೇಡಂ, ನಾನೂ ಅಂಥದ್ದೇ ತಾರಸಿ ಗಿರಾಕಿ. ಆದ್ರೆ ಎಲ್ಲವೂ ಸಿಗಲ್ಲ, ಯಾವುದು ಸಿಗತ್ತೆ ಯಾವುದು ಸಿಗಲ್ಲ ಅಂತ ಗೊತ್ತಿದ್ರೆ ಅರ್ಧ ತಲೆನೋವು ಕಮ್ಮಿ.

ಓರಿಯನ್ ನೆಬ್ಯುಲಾ, ಲಗೂನ್, ರೋಸೆಟ್ ಇಂಥವು ಬಿಸಿ ಅನಿಲದ ಮೋಡಗಳು. ಇವು ಬೆಳಕು ಕೊಡೋದು ಕೆಲವೇ ಬಣ್ಣಗಳಲ್ಲಿ, ಮುಖ್ಯವಾಗಿ ಹೈಡ್ರೋಜನ್ನಿನ ಕೆಂಪು 656 ನ್ಯಾನೋಮೀಟರ್, ಆಕ್ಸಿಜನ್ನಿನ ಹಸಿರುನೀಲಿ 501ರ ಹತ್ರ. ಟೆಲಿಸ್ಕೋಪ್ ಒಳಗೆ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಇದೆ, ಅದನ್ನ ಆನ್ ಮಾಡಿದ್ರೆ ಆ ಎರಡು ಬಣ್ಣ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಾಗಿಲು ಹಾಕತ್ತೆ, ಕಲ್ಯಾಣ ಮಂಟಪದ ಸೀರಿಯಲ್ ಸೆಟ್ಟೂ ಮುಕ್ಕಾಲು ಭಾಗ ಹೊರಗೇ ಉಳಿಯತ್ತೆ. ಗ್ಯಾಲಕ್ಸಿಗಳಿಗೆ ಈ ಉಪಾಯ ನಡಿಯಲ್ಲ, ಯಾಕಂದ್ರೆ ಅದು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲಾ ಬಣ್ಣಾನೂ ಇರತ್ತೆ, ಫಿಲ್ಟರ್ ಹಾಕಿದ್ರೆ ಗ್ಯಾಲಕ್ಸಿನೇ ಹೋಗತ್ತೆ. ಹಳೇ ಹಳದಿ ಸೋಡಿಯಂ ದೀಪ ಇದ್ದಾಗ ಆ ಒಂದು ಹಳದಿನ ತಡೆದ್ರೆ ಸಾಕಿತ್ತು, ಬಿಳಿ ಎಲ್ಇಡಿ ಬಂದ್ಮೇಲೆ ಅದೂ ಹೋಯ್ತು. ಕರೆಂಟ್ ಉಳೀತು ನಿಜ, ಆಕಾಶ ಉಳೀಲಿಲ್ಲ.

ಮಿಕ್ಕಿದ್ದು ತಾಳ್ಮೆ. ಒಂದು ಹತ್ತು ಸೆಕೆಂಡ್ ಫೋಟೋ ನೋಡಿದ್ರೆ ಬರೀ ಮರಳು ಮರಳು. ನೂರು ಫೋಟೋ ಕೂಡಿಸಿ ಸರಾಸರಿ ತೆಗೆದ್ರೆ ಆ ಮರಳು ಹತ್ತನೇ ಒಂದು ಭಾಗಕ್ಕೆ ಇಳಿಯತ್ತೆ, ನೂರರ ವರ್ಗಮೂಲ ಹತ್ತು ನೋಡಿ, ಅದೇ ಲೆಕ್ಕ. ಹನಿ ಹನಿ ಗೂಡಿದ್ರೆ ಹಳ್ಳ ಅಂತಾರಲ್ಲ ಹಾಗೆ, ಆದ್ರೆ ಈ ಹಳ್ಳ ಜಿಪುಣ, ಎರಡು ಪಟ್ಟು ಚೆನ್ನಾಗಿ ಬರ್ಬೇಕು ಅಂದ್ರೆ ನಾಲ್ಕು ಪಟ್ಟು ಹೊತ್ತು ಕಾಯ್ಬೇಕು. ನಾನು ಮೂಡಿಗೆರೆ ಕಡೆ ಅರ್ಧ ಗಂಟೇಲಿ ತೆಗೆದ ರೋಸೆಟ್ಟನ್ನ ನಮ್ಮ ತಾರಸಿಯಿಂದ ತೆಗಿಯಕ್ಕೆ ಎರಡು ರಾತ್ರಿ ಸೇರಿ ಐದು ಗಂಟೆ ಹಿಡೀತು, ಆದ್ರೂ ಅದರಷ್ಟು ಬರ್ಲಿಲ್ಲ.

ನೀರಿನ ಟ್ಯಾಂಕಿನ ಮರೆಯಲ್ಲಿ ಇಡಿ, ಬೀದಿದೀಪ ನೇರವಾಗಿ ಲೆನ್ಸಿಗೆ ಹೊಡೀಬಾರದು. ಕಲ್ಯಾಣ ಮಂಟಪಕ್ಕೆ ಪರಿಹಾರ ಆಷಾಢ ಅಂತ ಹೇಳೋಣ ಅಂದ್ರೆ ಆಗ ಮೋಡ. ಧನುರ್ಮಾಸ ಕಾಯಿರಿ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆನೂ ಇಲ್ಲ ಮೋಡಾನೂ ಕಮ್ಮಿ, ಓರಿಯನ್ ಬೇರೆ ಮೇಲೆ ಬಂದಿರ್ತಾನೆ. ಅಮಾವಾಸ್ಯೆ ಹತ್ರದ ವಾರ ನೋಡ್ಕೊಳ್ಳಿ. ಅಮಾವಾಸ್ಯೆ ರಾತ್ರಿ ತಾರಸಿಗೆ ಹೋಗ್ಬೇಡ ಅನ್ನೋ ಅತ್ತೆ ಇದ್ರೆ ಅವರನ್ನೂ ಕರ್ಕೊಂಡು ಹೋಗಿ.

ಪ್ರಶ್ನೆ: ಶಿರಸಿ ಹತ್ರ ಅಡಿಕೆ ತೋಟದ ಮನೆ, ಅಂಗಳದಲ್ಲಿ ಕತ್ತಲೆಗೆ ಬರ ಇಲ್ಲ. ಆದ್ರೂ ನನ್ನ ಚಿತ್ರದ ಮೂಲೆಗಳು ತಿರುಚಿದಂಗೆ ಬರ್ತವೆ, ಅರ್ಧಕ್ಕರ್ಧ ಫ್ರೇಮು, ಅಂದ್ರೆ ಬಿಡಿ ಫೋಟೋ, ರಿಜೆಕ್ಟ್ ಅಂತ ತೋರಿಸ್ತದೆ. ಇಕ್ಯೂ ಮೋಡ್‌ನಲ್ಲಿ ಇಡಿ ಅಂತ ಯೂಟ್ಯೂಬಲ್ಲಿ ಒಬ್ಬರು ಹೇಳಿದ್ದು ನೋಡಿ ಟ್ರೈಪಾಡ್ ಬಗ್ಗಿಸೋಕೆ ಹೋದೆ, ಮಗುಚಿ ಬಿತ್ತು. ಪುಣ್ಯಕ್ಕೆ ಕೆಳಗೆ ಅಡಿಕೆ ಚೀಲ ಇತ್ತು.
(ಶಿರಸಿಯಿಂದ)

ಉತ್ತರ: ಅಡಿಕೆ ಚೀಲಕ್ಕೆ ಒಂದು ನಮಸ್ಕಾರ ಹಾಕಿ. ನಂದು ಸಿಮೆಂಟ್ ನೆಲಕ್ಕೆ ಬಿದ್ದು ಒಂದು ಮೂಲೆ ಜಜ್ಜಿದೆ, ಕಾರಣ ಇದೇ.

ಆ ವಿಡಿಯೋ ಮಾಡೋರು ಯುರೋಪ್, ಅಮೆರಿಕದಲ್ಲಿ ಕೂತಿರ್ತಾರೆ. ಇಕ್ಯೂ ಮೋಡ್ ಅಂದ್ರೆ ಟೆಲಿಸ್ಕೋಪ್ ತಿರುಗೋ ಅಚ್ಚನ್ನ ಧ್ರುವ ನಕ್ಷತ್ರದ ಕಡೆ ಮುಖ ಮಾಡಿ ಓರೆಯಾಗಿ ನಿಲ್ಲಿಸೋದು. ಒಂದು ಊರಿನ ಅಕ್ಷಾಂಶ ಎಷ್ಟೋ ಅಲ್ಲಿ ಧ್ರುವ ನಕ್ಷತ್ರ ಅಷ್ಟೇ ಎತ್ತರ. ಲಂಡನ್ನಿಗೆ 51 ಡಿಗ್ರಿ ಮೇಲೆ, ಅಲ್ಲಿ ಸ್ವಲ್ಪ ಓರೆ ಮಾಡಿದ್ರೆ ಆಯ್ತು. ಶಿರಸಿಗೆ ಹದಿನಾಲ್ಕೂವರೆ, ಬೆಂಗಳೂರಿಗೆ 13. ಅಂದ್ರೆ ನಾವು ಟೆಲಿಸ್ಕೋಪನ್ನ ಹೆಚ್ಚುಕಮ್ಮಿ ಮಲಗಿಸಬೇಕು, ಅದರ ಭಾರ ಪೂರ್ತಿ ಟ್ರೈಪಾಡಿನ ಒಂದೇ ಪಕ್ಕಕ್ಕೆ ಬೀಳತ್ತೆ, ಬೀಳದೆ ಇನ್ನೇನು ಮಾಡತ್ತೆ. ಮಾಡಲೇಬೇಕು ಅಂದ್ರೆ ಗಟ್ಟಿ ವೆಜ್ (ಓರೆಯಾಗಿ ಹಿಡಿದಿಡೋ ಪೀಠ), ಭಾರದ ಟ್ರೈಪಾಡ್ ಬೇಕು, ಒಂದು ಕಾಲು ಓರೆ ಇರೋ ದಿಕ್ಕಿಗೇ ಇರ್ಬೇಕು, ಬುಡಕ್ಕೆ ಕಲ್ಲು ತುಂಬಿದ ಚೀಲ ಕಟ್ಟಬೇಕು. ಸುಮ್ನೆ ನೆಟ್ಟಗೆ ನಿಲ್ಲಿಸಿ ಅನ್ನೋದೇ ನನ್ನ ಸಲಹೆ.

ನೆಟ್ಟಗೆ ನಿಲ್ಲಿಸಿದ್ರೆ ಮೂಲೆ ತಿರುಚತ್ತೆ ಅಂದ್ರಿ. ಅದನ್ನ ಬರಿಗಣ್ಣಲ್ಲೇ ನೋಡಬಹುದು. ಮೂಡುವಾಗ ಮಹಾವ್ಯಾಧ, ಅಂದ್ರೆ ಓರಿಯನ್, ಮಗ್ಗುಲಾಗಿ ಮಲಗಿರ್ತಾನೆ, ನೆತ್ತಿ ಹತ್ರ ಬಂದಾಗ ಎದ್ದು ನಿಂತಿರ್ತಾನೆ, ಮುಳುಗುವಾಗ ಇನ್ನೊಂದು ಮಗ್ಗುಲು. ಟೆಲಿಸ್ಕೋಪ್ ಎಡಕ್ಕೆ ಬಲಕ್ಕೆ ಮೇಲಕ್ಕೆ ಕೆಳಕ್ಕೆ ಹಿಂಬಾಲಿಸತ್ತೆ, ಆದ್ರೆ ಅವನ ಜೊತೆ ತಾನೂ ಮಗ್ಗುಲು ಬದಲಾಯಿಸಲ್ಲ, ಅದಕ್ಕೆ ಫ್ರೇಮು ಫ್ರೇಮಿಗೂ ಚಿತ್ರ ಸ್ವಲ್ಪ ಸ್ವಲ್ಪ ತಿರುಗಿರತ್ತೆ. ನಮ್ಮಂಥ ಕಡಿಮೆ ಅಕ್ಷಾಂಶದ ಊರಲ್ಲಿ ಈ ತಿರುಗಾಟ ಪೂರ್ವ-ಪಶ್ಚಿಮ ದಿಕ್ಕಲ್ಲಿ ಇರೋವಾಗ ತುಂಬಾ ಕಮ್ಮಿ, ನೆತ್ತಿ ಹತ್ರ ವಿಪರೀತ. ಹಾಗಾಗಿ ಡಿಸೆಂಬರ್ ಮಧ್ಯದಲ್ಲಿ ಓರಿಯನ್ ನೆಬ್ಯುಲಾನ ರಾತ್ರಿ ಎಂಟೂವರೆಯಿಂದ ಹತ್ತೂವರೆ ಒಳಗೆ, ಪೂರ್ವದಲ್ಲಿ ಏರ್ತಾ ಇರೋವಾಗಲೇ ತೆಗೆದುಬಿಡಿ. ಹನ್ನೊಂದು ದಾಟಿ ಮೇಲಕ್ಕೆ ಬಂದ ಅಂದ್ರೆ ಅವನನ್ನ ಬಿಟ್ಟು ಪೂರ್ವದಲ್ಲಿ ಆಮೇಲೆ ಎದ್ದಿರೋ ಇನ್ನೊಂದನ್ನ ಹಿಡೀರಿ. ಎಕ್ಸ್‌ಪೋಷರ್, ಅಂದ್ರೆ ಒಂದೊಂದು ಫೋಟೋ ತೆಗಿಯೋ ಹೊತ್ತು, ಹತ್ತು ಸೆಕೆಂಡೇ ಇರ್ಲಿ, 20, 30ರ ಆಸೆಗೆ ಬಿದ್ರೆ ರಿಜೆಕ್ಟ್ ಜಾಸ್ತಿ. ಮತ್ತೆ ಬಬಲ್ ಲೆವೆಲ್, ಅಂದ್ರೆ ಗುಳ್ಳೆ ನಡುವಿಗೆ ಬರೋ ಹಾಗೆ ಟ್ರೈಪಾಡ್ ಸಮ ಮಾಡೋದು, ಅದನ್ನ ದಯವಿಟ್ಟು ಮಾಡಿ, ಯಾರೂ ಮಾಡಲ್ಲ.

ಪ್ರಶ್ನೆ: ಆಂಡ್ರೊಮಿಡಾ ಗ್ಯಾಲಕ್ಸಿದು ಹೊಟ್ಟೆ ಮಾತ್ರ ಬರ್ತಿದೆ, ಕೈಕಾಲು ಇಲ್ಲ.
(ಹಾಸನದಿಂದ)

ಉತ್ತರ: ಅದು ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದ, ಆರು ಚಂದ್ರರನ್ನ ಸಾಲಾಗಿ ಇಟ್ಟಂಗೆ. ನಿಮ್ಮ ಒಂದು ಫೋಟೋದಲ್ಲಿ ಹಿಡಿಯೋ ಆಕಾಶ 1.3 ಡಿಗ್ರಿಗೂ ಕಮ್ಮಿ. ಅಕ್ಕಪಕ್ಕದ ಫೋಟೋಗಳನ್ನ ಹೊಲಿದು ಒಂದೇ ದೊಡ್ಡ ಚಿತ್ರ ಮಾಡೋ ಮೊಸಾಯಿಕ್ ಮೋಡ್ ಹಾಕಿ, ಮೂರ್ನಾಲ್ಕು ಗಂಟೆ ಮರೆತುಬಿಡಿ.

ಪ್ರಶ್ನೆ: ನಮ್ಮ ಮಂಗಳೂರಲ್ಲಿ ರಾತ್ರಿ ಒಂಬತ್ತಕ್ಕೇ ಲೆನ್ಸ್ ಮೇಲೆ ಮಂಜು ಕೂರ್ತದೆ. ಮಳೆಗಾಲದಲ್ಲಿ ಹೇಗೆ ಇಡೋದು ಮಾರಾಯ್ರೆ?
(ಮಂಗಳೂರಿನಿಂದ)

ಉತ್ತರ: ಆ್ಯಪಲ್ಲಿ ಲೆನ್ಸ್ ಬೆಚ್ಚಗಿಡೋ ಡ್ಯೂ ಹೀಟರ್ ಅಂತ ಒಂದಿದೆ, ಶುರುವಿಗೇ ಆನ್ ಮಾಡಿ, ಮಂಜು ಕೂತ ಮೇಲಲ್ಲ. ಬ್ಯಾಟರಿ ಬೇಗ ಇಳಿಯತ್ತೆ, ಪವರ್ ಬ್ಯಾಂಕ್ ಇಟ್ಕೊಳ್ಳಿ. ಬಟ್ಟೆಯಿಂದ ಒರೆಸೋಕೆ ಹೋಗ್ಬೇಡಿ. ಮಳೆಗಾಲದ್ದೇ ದೊಡ್ಡ ಚಿಂತೆ, ಜೂನಿಂದ ಸೆಪ್ಟೆಂಬರ್ ಕಪಾಟಲ್ಲಿ ಬಿಟ್ರೆ ಲೆನ್ಸಿಗೆ ಬೂಷ್ಟು ಗ್ಯಾರಂಟಿ, ಅದು ಒಮ್ಮೆ ಗಾಜಿನ ಕೋಟಿಂಗ್ ತಿಂದ್ರೆ ಮುಗೀತು. ಗಾಳಿ ಆಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಹಿಡಿ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕೋದು. ಅದರ ಚರ್ಮದಂಥ ಬ್ಯಾಗು, ಕವರು ಒಳಗೆ ಇಡಬೇಡಿ, ತೇವ ಹಿಡಿಯೋದೇ ಅವು.

ಪ್ರಶ್ನೆ: ನಮ್ಮ ಕಲಬುರಗ್ಯಾಗ ಬಿಸಲಿಗೇನ್ ಕಮ್ಮಿ ಇಲ್ರಿ. ಸೂರ್ಯಂದೂ ಫೋಟೋ ತಗೀಬೋದಾ?
(ಕಲಬುರಗಿಯಿಂದ)

ಉತ್ತರ: ಆರಾಮಾಗಿ ತೆಗೀಬಹುದು, ಡಬ್ಬಿ ಜೊತೆ ಬರೋ ಸೋಲಾರ್ ಫಿಲ್ಟರನ್ನ ಮುಂದಿನ ಬಾಯಿಗೆ ಹಾಕಿ. ಮೊದಲು ಫಿಲ್ಟರ್, ಆಮೇಲೆ ಸೂರ್ಯನ ಕಡೆ ತಿರುಗಿಸೋದು, ಈ ಕ್ರಮ ತಪ್ಪಿದ್ರೆ ಸೆನ್ಸರ್ ಸುಟ್ಟೇ ಹೋಗಬಹುದು. ಎಕ್ಸ್‌ರೇ ಫಿಲ್ಮು, ಗಾಡಿ ಗಾಜಿನ ಸನ್ ಫಿಲ್ಮು ಇಂಥ ಜುಗಾಡ್ ಬೇಡವೇ ಬೇಡ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಒಂದೊಂದು ಫೋಟೋ ತೆಗೀತಾ ಹೋಗಿ, ಹದಿನೈದು ದಿನದಲ್ಲಿ ಸೂರ್ಯನ ಕಲೆಗಳು ಈ ಅಂಚಿಂದ ಆ ಅಂಚಿಗೆ ನಡೆದು ಹೋಗೋದು ಕಾಣತ್ತೆ, ಸೂರ್ಯ ತನ್ನ ಸುತ್ತ ತಾನು ತಿರುಗ್ತಾನೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನಾನು ರಿಟೈರ್ಡ್ ಸೈನ್ಸ್ ಮಾಸ್ತರ. ಮೊಮ್ಮಗ ಮಾಳಗಿ ಮ್ಯಾಲೆ ಡಬ್ಬಿ ಇಟ್ಟು, ಮೊಬೈಲ್‌ನ್ಯಾಗ ಕೆಂಪು ಮೋಡ ತೋರಿಸಿ, ಅಜ್ಜಾ ಇದು 1,300 ಬೆಳಕಿನ ವರ್ಷ ದೂರ ಅಂತಾನ. ಮ್ಯಾಲೆ ನೋಡಿದ್ರ ನನಗೇನೂ ಕಾಣವಲ್ತು. ಇದು ಖರೇ ಏನ್ರಿ, ಇಲ್ಲಾ ಇಂಟರ್ನೆಟ್ಟಿನ್ಯಾಗಿಂದ ಇಳಿಸಿ ತೋರಸ್ತದೋ?
(ಧಾರವಾಡದಿಂದ)

ಉತ್ತರ: ಮಾಸ್ತರೇ, ಈ ತಿಂಗಳು ಬಂದಿದ್ರಲ್ಲಿ ನನಗೆ ಇಷ್ಟ ಆಗಿದ್ದು ಈ ಪ್ರಶ್ನೆ. ಖರೇನೇ. ನಮ್ಮ ಕಣ್ಣು ಬೆಳಕನ್ನ ಕೂಡಿ ಹಾಕ್ಕೊಳ್ಳಲ್ಲ, ಕ್ಷಣಕ್ಷಣಕ್ಕೂ ಹಳೇದನ್ನ ಬಿಟ್ಟು ಹೊಸದನ್ನ ನೋಡತ್ತೆ, ಜೊತೆಗೆ ಕತ್ತಲಲ್ಲಿ ಕೆಲಸ ಮಾಡೋ ಜೀವಕೋಶಗಳಿಗೆ ಬಣ್ಣ ಗೊತ್ತಾಗಲ್ಲ. ಸೆನ್ಸರ್ ಮಾತ್ರ ಹತ್ತು ಸೆಕೆಂಡ್ ಬಾಯಿ ತೆರೆದು ಕೂತಿರತ್ತೆ.

ನಂಬೋದು ಬೇಡ, ಪರೀಕ್ಷೆ ಮಾಡಿ. ಮೊಮ್ಮಗನಿಗೆ ಹೇಳದೆ ಫೋಟೋ ನಡೀತಿರೋವಾಗ ಲೆನ್ಸಿಗೆ ಟೊಪ್ಪಿಗೆ ಅಡ್ಡ ಹಿಡೀರಿ, ಆ ಫ್ರೇಮುಗಳು ರಿಜೆಕ್ಟ್ ಆಗತ್ತೆ, ಚಿತ್ರ ಮುಂದಕ್ಕೆ ಹೋಗಲ್ಲ. ಇನ್ನೂ ಗಟ್ಟಿ ಸಾಕ್ಷಿ ಬೇಕಂದ್ರೆ ಅವನಿಗೆ ಒಂದೊಂದು ಬಿಡಿ ಫ್ರೇಮೂ ಸೇವ್ ಆಗೋ ಆಯ್ಕೆ ಹಾಕಕ್ಕೆ ಹೇಳಿ, ತೆರೆದು ನೋಡಿದ್ರೆ ಉಪಗ್ರಹ ಹಾದುಹೋದ ಗೀರು, ವಿಮಾನದ ದೀಪದ ಸಾಲು, ನಿಮ್ಮೂರ ಮೋಡ ಎಲ್ಲ ಇರತ್ತೆ. ಇಂಟರ್ನೆಟ್ ಚಿತ್ರದಲ್ಲಿ ಧಾರವಾಡದ ಮೋಡ ಎಲ್ಲಿಂದ ಬರ್ಬೇಕು? 2024ರ ಅಕ್ಟೋಬರಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಿತ್ತಲ್ಲ, ಸಂಜೆ ಪಶ್ಚಿಮಕ್ಕೆ ಕಾಣ್ತಿತ್ತು, ದಿನಾ ತೆಗೆದ ಚಿತ್ರಗಳಲ್ಲಿ ಅದು ನಕ್ಷತ್ರಗಳ ನಡುವೆ ಜಾಗ ಬದಲಾಯಿಸ್ತಾ ಹೋಗಿದ್ದು ನನ್ನ ಹತ್ರ ಇನ್ನೂ ಇದೆ.

ಒಂದೇ ಒಂದು ಕಡೆ ನಿಮ್ಮ ಅನುಮಾನಕ್ಕೆ ಜಾಗ ಇದೆ. ಆ್ಯಪಲ್ಲಿ ಎಐ ಡಿನಾಯ್ಸ್ ಅಂತ ಒಂದು ಗುಂಡಿ ಇರತ್ತೆ, ಅದು ಮರಳು ಮರಳಾಗಿರೋದನ್ನ ಊಹೆ ಮಾಡಿ ನುಣ್ಣಗೆ ಮಾಡತ್ತೆ, ಕೆಲವು ಸಲ ಇಲ್ಲದ ಎಳೆನೂ ತೋರಿಸಿಬಿಡಬಹುದು. ನಾನು ಅದನ್ನ ಮುಟ್ಟಲ್ಲ. ಮೊಮ್ಮಗ ಒತ್ತಿದ್ರೆ ಒತ್ತೋ ಮುಂಚಿನದ್ದು, ಆಮೇಲಿನದ್ದು ಎರಡೂ ಪಕ್ಕಪಕ್ಕ ಇಟ್ಟು ತೋರ್ಸು ಅಂತ ಕೇಳಿ.

ಪ್ರಶ್ನೆ: ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋದ್ರೆ ನನಗೆ ಭಾರೀ ಖುಷಿ ಆಗತ್ತೆ, ಓಡಿ ಹೋಗಿ ಟೆಲಿಸ್ಕೋಪ್ ಹೊರಗೆ ಇಡ್ತೀನಿ. ಇದು ತಪ್ಪಾ?
(ಚಳ್ಳಕೆರೆಯಿಂದ)

ಉತ್ತರ: ತಪ್ಪೇನಿಲ್ಲ, ಫ್ಯಾನಿಲ್ಲದೆ ಒದ್ದಾಡ್ತಿರೋ ಮನೆಯವರ ಎದುರು ಹಲ್ಲು ಕಿರಿಬೇಡಿ ಅಷ್ಟೆ. ಬ್ಯಾಟರಿ ಆರು ಗಂಟೆ ಬರತ್ತೆ, ಕರೆಂಟ್ ಇರೋವಾಗ್ಲೇ ಚಾರ್ಜ್ ಹಾಕಿಟ್ಟಿರಿ. ನಾನು ಒಂದ್ಸಲ ಹಾಕಿರ್ಲಿಲ್ಲ.