ಮೆಡಿಕಲ್ ಬಿಲ್ಲಿನ ದುಡ್ಡು ನಿಲ್ಲಿಸಿದ್ದು ಯಾರು?

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಓದುಗರ ಪತ್ರ: "ನಮ್ಮ ಮಾಲೀಕರು ವರ್ಷಕ್ಕೆ 15,000 ರೂಪಾಯಿವರೆಗೆ ಮೆಡಿಕಲ್ ಬಿಲ್ಲಿನ ದುಡ್ಡು ಕೊಡುತ್ತಿದ್ದರು. ಸರ್ಕಾರವೇ ಅದನ್ನು ತೆಗೆದಿದೆ, ತೆರಿಗೆ ಬೀಳುತ್ತದೆ ಅಂತ ಈಗ ನಿಲ್ಲಿಸಿದ್ದಾರೆ. ನನ್ನ ಸಂಬಳ 28,000. ಒಟ್ಟು 12 ಜನ ಇದ್ದೇವೆ. ಅವರು ಹೇಳುವುದು ನಿಜವಾ?"

ಸಂಪಾದಕರ ಉತ್ತರ:

ಅರ್ಧ ನಿಜ ಸ್ವಾಮಿ. ಮೊದಲು ಆ 15,000ಕ್ಕೆ ತೆರಿಗೆ ಇರಲಿಲ್ಲ. 2018ರ ಬಜೆಟ್‌ನಲ್ಲಿ ಆ ರಿಯಾಯಿತಿ ತೆಗೆದು, ಸಂಬಳದಾರರಿಗೆ 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು, ಅಂದರೆ ಯಾವ ಬಿಲ್ಲೂ ತೋರಿಸದೆ ಅಷ್ಟು ಮೊತ್ತವನ್ನು ಸಂಬಳದಲ್ಲಿ ಕಳೆದು ಉಳಿದದ್ದಕ್ಕೆ ತೆರಿಗೆ ಲೆಕ್ಕ. ಮಾರ್ಚ್ ಬಂತೆಂದರೆ ಪಕ್ಕದ ಮನೆಯವರ ಕೆಮ್ಮಿನ ಔಷಧಿಯ ಬಿಲ್ಲನ್ನೂ ಬೇಡಿ ತರುವ ಕಾಟ ಅಲ್ಲಿಗೆ ತಪ್ಪಿತು, ಬಿಡಿ. ಆದರೆ ದುಡ್ಡು ಕೊಡಲೇಬಾರದು ಅಂತ ಯಾರೂ ಹೇಳಿಲ್ಲ. ಕೊಟ್ಟರೆ ಅದು ಸಂಬಳಕ್ಕೆ ಸೇರುತ್ತದೆ, ಅಷ್ಟೇ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಬೀಳಲ್ಲ. ನಿಮ್ಮದು 3.36 ಲಕ್ಷ. ಇದರಲ್ಲಿ ತೆರಿಗೆಯ ಮಾತು ಎಲ್ಲಿಂದ ಬಂತು?

ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ, ಅಥವಾ ಸರ್ಕಾರ ತನ್ನ ನೌಕರರ ಚಿಕಿತ್ಸೆಗೆ ಒಪ್ಪಿಕೊಂಡಿರುವ ಖಾಸಗಿ ಆಸ್ಪತ್ರೆಯಲ್ಲಿ ಆದ ಖರ್ಚನ್ನು ಮಾಲೀಕರು ಕೊಟ್ಟರೆ, ಅದಕ್ಕೆ ಈಗಲೂ ತೆರಿಗೆ ಇಲ್ಲ.

ಆದರೂ ನನ್ನನ್ನು ಕೇಳಿದರೆ, 15,000ಕ್ಕೆ ಸುಮ್ನೆ ಜಗ್ಗಾಡಬೇಡಿ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವಂಥ ಕಾಯಿಲೆ ಬಂದರೆ ಅದು ಯಾವ ಮೂಲೆಗೂ ಸಾಲದು. ಎಲ್ಲರಿಗೂ ಸೇರಿಸಿ ಗುಂಪು ಆರೋಗ್ಯ ವಿಮೆ ಮಾಡಿಸಿಕೊಡಿ ಅಂತ ಕೇಳಿ. ಮಾಲೀಕರು ಕಟ್ಟುವ ಪ್ರೀಮಿಯಂ ನಿಮ್ಮ ಆದಾಯಕ್ಕೆ ಸೇರಲ್ಲ, ಅವರಿಗೆ ಅದು ವ್ಯಾಪಾರದ ಖರ್ಚು. ದಿನನಿತ್ಯದ ಬಿಪಿ, ಶುಗರ್ ಮಾತ್ರೆ ಸಾಮಾನ್ಯವಾಗಿ ವಿಮೆಯಲ್ಲಿ ಬರಲ್ಲ. ಅದಕ್ಕೆ ಬಿಲ್ಲಿನ ದುಡ್ಡು ಸ್ವಲ್ಪ ಉಳಿಸಿಕೊಳ್ಳಿ. ಬಿಲ್ ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ, ಡಾಕ್ಟರ ಚೀಟಿಯ ಜೊತೆ ಪಿನ್ ಹಾಕಿ. ಮೆಡಿಕಲ್ ಶಾಪಿನ ಆ ನುಣುಪು ಕಾಗದದ ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ. ಮಳೆಗಾಲದ ಥಂಡಿ ಅಂತ ಒಲೆ ಮೇಲಿನ ಅಟ್ಟದಲ್ಲಿಡಬೇಡಿ, ಬಿಸಿ ತಾಗಿದರೆ ಕಾಗದವೇ ಕಪ್ಪಾಗುತ್ತದೆ.

ನೀವು ಕೇಳದ ಒಂದು ಮಾತು. ಹತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಬೇಕು. ಇದು ಮಾಲೀಕರ ದಯೆಯ ವಿಷಯ ಅಲ್ಲ. ನಿಮಗೆ ಅದು ಸಿಗಲ್ಲ, ಸಂಬಳ ಜಾಸ್ತಿಯಾಯಿತು. ಆದರೆ ತೂಕ ಹಾಕುವವರು, ಚೀಲ ಹೊಲಿಯುವವರು? 16,000 ಸಂಬಳದವರಿಗೆ ಮಾಲೀಕರು ಕಟ್ಟಬೇಕಾದದ್ದು ತಿಂಗಳಿಗೆ 520 ರೂಪಾಯಿ, ಕೆಲಸಗಾರರ ಕೈಯಿಂದ ಹೋಗುವುದು 120. ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ಬಿದ್ದ ದಿನಗಳಿಗೆ ಸಂಬಳದ ಶೇ 70 ಬರುತ್ತದೆ. ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲೇ ಇದೆಯಲ್ಲ, ಅವರ ಹೆಸರಲ್ಲಿ ಇಎಸ್‌ಐ ಕಟ್ಟುತ್ತಿದ್ದಾರಾ ಮೊದಲು ನೋಡಿ. ಆಮೇಲೆ, ಅಡಿಕೆಗೆ ಒಳ್ಳೆ ರೇಟು ಬಂದ ದಿನ ಮಾಲೀಕರ ಹತ್ತಿರ ಮಾತು ತೆಗೆಯಿರಿ.