ಮೊದಲ ಫಾಂಡೆಂಟ್ ಕೇಕ್: ಯಾವ ಬ್ರ್ಯಾಂಡ್ ಅನ್ನೋದಕ್ಕಿಂತ ಕೆಳಗೇನಿದೆ ಅನ್ನೋದು ಮುಖ್ಯ

ಆಗಸ್ಟ್‌ನಲ್ಲಿ ಮಗಳ ಹುಟ್ಟುಹಬ್ಬ, ಆರು ಇಂಚಿನ ಎಗ್‌ಲೆಸ್ ಕೇಕು, ಮೇಲೊಂದು ಆನೆ, ಫಾಂಡೆಂಟ್ (ಕೇಕಿನ ಮೇಲೆ ಲಟ್ಟಿಸಿ ಹೊದಿಸೋ ಸಕ್ಕರೆ ಹಿಟ್ಟು) ಯಾವುದು ಕೊಳ್ಳಲಿ, ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಮೊದಲ ಸಲಕ್ಕೆ ಮನೆಯಲ್ಲಿ ಮಾಡೋ ಉಸಾಬರಿ ಬೇಡ. ಅದಕ್ಕೆ ಸಾಮಾನ್ಯವಾಗಿ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು) ಹಾಕ್ತಾರೆ. ಎಗ್‌ಲೆಸ್ ಕೇಳುವ ಮನೆಗಳಲ್ಲಿ ಅದೂ ನಡೆಯಲ್ಲ. ರೆಡಿ ಪ್ಯಾಕೆಟ್ ತಗೊಳ್ಳಿ, ಹಸಿರು ಚುಕ್ಕೆ ಇದೆಯಾ ನೋಡಿ. ಮೊದಲು ಕಾಲು ಕೆ.ಜಿ. ತಂದು ನಾದಿ. ಹೋಳಿಗೆ ಕಣಕದ ಹಾಗೆ ಎಳೆದರೆ ಬರಬೇಕು, ಚೂರು ಚೂರಾಗಬಾರದು. ಕೈಗೆ ಒಗ್ಗಿದರೆ ಅದೇ ಬ್ರ್ಯಾಂಡಿನ ಒಂದು ಕೆ.ಜಿ. ತನ್ನಿ, ಆನೆಗೂ ಸಾಕಾಗುತ್ತೆ. ಕಪ್ಪು, ಕೆಂಪು ಬೇಕಿದ್ದರೆ ಬಣ್ಣದ್ದನ್ನೇ ಕೊಳ್ಳಿ. ಬಿಳಿಯದಕ್ಕೆ ಬಣ್ಣ ಸುರಿದು ಸುರಿದು ಕಪ್ಪು ಮಾಡೋಕೆ ಹೋದರೆ ಅಂಟಂಟಾಗುತ್ತೆ. ತಿಳಿ ಬಣ್ಣಗಳಿಗೆ ಜೆಲ್ ಕಲರ್ ಒಂದೆರಡು ಹನಿ ಸಾಕು, ನೀರಿನಂಥ ಬಣ್ಣ ಬೇಡ.

ಬ್ರ್ಯಾಂಡಿನ ಮಾತು ಇಷ್ಟೇ. ನಾನು ಮೊದಲ ಸಲ ಕೆಟ್ಟಿದ್ದು ಬೇರೆ ಕಡೆ. ಜುಲೈ ತಿಂಗಳು, ಜಿಟಿಜಿಟಿ ಮಳೆ. ವಿಪ್ಪಿಂಗ್ ಕ್ರೀಮ್ ಬಳಿದ ಕೇಕಿಗೆ ಫಾಂಡೆಂಟ್ ಹೊದಿಸಿ, ಆಟೋದಲ್ಲಿ ಬೆಂಗಳೂರಿನ ವಿಜಯನಗರದಿಂದ ಜಯನಗರಕ್ಕೆ ಅಕ್ಕನ ಮನೆಗೆ ಹೊರಟೆ. ಅಲ್ಲಿ ಡಬ್ಬ ತೆಗೆದರೆ ಫಾಂಡೆಂಟ್ ಹಳೇ ಕಾಲುಚೀಲದ ಹಾಗೆ ಕೆಳಕ್ಕೆ ಜಾರಿ ಕೂತಿತ್ತು. ಮಕ್ಕಳು ಖುಷಿಯಾಗೇ ತಿಂದರು ಬಿಡಿ, ಅಕ್ಕ ಮಾತ್ರ ಇವತ್ತಿಗೂ ಆಡಿಕೊಳ್ತಾಳೆ.

ಫಾಂಡೆಂಟ್ ಅಂದರೆ ಹೆಚ್ಚುಕಮ್ಮಿ ಸಕ್ಕರೆ. ಕ್ರೀಮಿನ ನೀರು ತಗುಲಿದರೆ ಕರಗುತ್ತೆ. ಅದಕ್ಕೇ ಕೆಳಗೆ ಗನಾಶ್ (ಚಾಕೊಲೇಟ್, ಕ್ರೀಮ್ ಸೇರಿಸಿ ಮಾಡಿದ ಲೇಪ) ಇರಬೇಕು. ಡಾರ್ಕ್ ಚಾಕೊಲೇಟ್ ಆದರೆ ಎರಡು ಪಾಲಿಗೆ ಒಂದು ಪಾಲು ಫ್ರೆಶ್ ಕ್ರೀಮ್, ವೈಟ್ ಆದರೆ ಮೂರಕ್ಕೆ ಒಂದು. ರಾತ್ರಿ ಮಾಡಿಟ್ಟು ಬೆಳಿಗ್ಗೆ ಬಳಿಯಿರಿ, ಅರ್ಧ ಗಂಟೆ ಫ್ರಿಜ್‌ನಲ್ಲಿ ಗಟ್ಟಿಯಾಗಲಿ, ಆಮೇಲೆ ಅಂಚು ಸಮ ಮಾಡಿ. ಇಲ್ಲಿನ ಉಬ್ಬುತಗ್ಗು ಮೇಲೂ ಕಾಣುತ್ತೆ, ಫಾಂಡೆಂಟ್ ಏನನ್ನೂ ಮುಚ್ಚಿಡಲ್ಲ. ಹೊದಿಸುವ ಮುಂಚೆ ಅಂಟಿಕೊಳ್ಳೋಕೆ ಬ್ರಷ್‌ನಲ್ಲಿ ಚೂರು ನೀರು ಸವರಿದರೆ ಸಾಕು, ಒದ್ದೆ ಮಾಡಬೇಡಿ.

ಲಟ್ಟಿಸುವಾಗ ಕಟ್ಟೆಗೆ ಕಾರ್ನ್‌ಫ್ಲೋರ್ ತೆಳ್ಳಗೆ ಉದುರಿಸಿ. ಕೇಕ್ ಆರು ಇಂಚು ಅಗಲ, ನಾಲ್ಕು ಇಂಚು ಎತ್ತರ ಅಂದರೆ ಎರಡೂ ಬದಿಯ ಎತ್ತರ ಸೇರಿ ಲಟ್ಟಿಸಿದ ಹಾಳೆ ಹದಿನಾಲ್ಕು ಇಂಚು ಅಗಲ ಬೇಕು. ಇನ್ನೊಂದು ಇಂಚು ಹೆಚ್ಚಿಗೆ ಇರಲಿ. ದಪ್ಪ 3-4 ಮಿ.ಮೀ. ಅದಕ್ಕಿಂತ ತೆಳ್ಳಗಾದರೆ ಅಂಚಲ್ಲಿ ಹರಿಯುತ್ತೆ, ದಪ್ಪಗಾದರೆ ಯಾರೂ ತಿನ್ನಲ್ಲ. ಲಟ್ಟಣಿಗೆಗೆ ಸುತ್ತಿಕೊಂಡು ಮೇಲೆ ಬಿಡಿಸಿ, ಮೊದಲು ಮೇಲ್ಭಾಗ, ಆಮೇಲೆ ಅಂಚು, ಕೊನೆಗೆ ಬದಿ. ನೆರಿಗೆ ಬಿದ್ದರೆ ಒತ್ತಬೇಡಿ, ಲಂಗದ ಅಂಚಿನ ಹಾಗೆ ಹೊರಕ್ಕೆ ಬಿಡಿಸಿ ಮತ್ತೆ ಸವರಿ. ಒಣಗಿ ಬಿರುಕು ಬಿಡ್ತಿದ್ದರೆ ಕೈಗೆ ಚೂರು ವನಸ್ಪತಿ ಸವರಿಕೊಂಡು ನಾದಿ. ಮಿಕ್ಕದ್ದನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಡಿ, ಐದು ನಿಮಿಷ ಫ್ಯಾನ್ ಕೆಳಗೆ ತೆರೆದಿಟ್ಟರೂ ಮೇಲೆ ಚಕ್ಕೆ ಕಟ್ಟುತ್ತೆ.

ಆನೆಯನ್ನು ನಾಲ್ಕೈದು ದಿನ ಮೊದಲೇ ಮಾಡಿ. ಕಾಲು ಕೆ.ಜಿ.ಗೆ ಒಂದು ಟೀಚಮಚ ಸಿಎಂಸಿ ಪುಡಿ (ಫಾಂಡೆಂಟ್ ಗಟ್ಟಿಯಾಗಿಸೋ, ತಿನ್ನಬಹುದಾದ ಪುಡಿ) ಹಾಕಿ ನಾದಿದರೆ ಗಟ್ಟಿಯಾಗಿ ನಿಲ್ಲುತ್ತೆ, ಇಲ್ಲದಿದ್ದರೆ ಸೊಂಡಿಲು ಬಗ್ಗಿ ನೆಲಕ್ಕೆ ಬರುತ್ತೆ. ಒಳಗೆ ಟೂತ್‌ಪಿಕ್ ಬದಲು ಬೇಯಿಸದ ಸ್ಪಗೆಟ್ಟಿ ಕಡ್ಡಿ ಹಾಕಿ, ಮಕ್ಕಳು ಕಚ್ಚಿದರೂ ಟೂತ್‌ಪಿಕ್‌ನಷ್ಟು ಭಯವಿಲ್ಲ. ಒಣಗಿಸೋದು ಹೊರಗೇ, ಫ್ರಿಜ್‌ನಲ್ಲಿ ಅಲ್ಲ. ಆಗಸ್ಟ್ ಮಳೆಯಲ್ಲಿ ಒಂದು ದಿನ ಹೆಚ್ಚೇ ಹಿಡಿಯುತ್ತೆ. ಬೆಂಗಳೂರಿನಲ್ಲಿ ಡಿಸೆಂಬರಿಗೆ ನಡೆಯೋ ಕೇಕ್ ಶೋನಲ್ಲಿ ನೋಡಿದ ಅರಮನೆ, ದೇವಸ್ಥಾನಗಳನ್ನು ಮನಸ್ಸಲ್ಲಿಟ್ಟುಕೊಳ್ಳಬೇಡಿ. ಅವಕ್ಕೆ ಎಷ್ಟೋ ಕೈಗಳ, ವಾರಗಟ್ಟಲೆಯ ಕೆಲಸ ಬಿದ್ದಿರುತ್ತೆ. ನಾಲ್ಕು ಕಾಲು, ಎರಡು ಕಿವಿ ಸರಿಯಾಗಿ ಬಂದರೆ ಆನೆ ಆನೆಯೇ.

ಗನಾಶ್ ಕೇಕ್ ನಮ್ಮೂರಿನ ಆಗಸ್ಟ್ ತಂಪಿಗೆ ಒಂದು ರಾತ್ರಿ ಹೊರಗಿರಬಲ್ಲದು, ಒಳಗೆ ಹಣ್ಣು, ವಿಪ್ಪಿಂಗ್ ಕ್ರೀಮ್ ಇಲ್ಲದಿದ್ದರೆ. ಫ್ರಿಜ್‌ನಲ್ಲಿ ಇಡಲೇಬೇಕಾದರೆ ರಟ್ಟಿನ ಡಬ್ಬದಲ್ಲಿ ಮುಚ್ಚಿಡಿ, ಹೊರಗೆ ತೆಗೆದ ಮೇಲೂ ಡಬ್ಬ ತೆರೆಯದೆ ಬಿಡಿ. ಆದರೂ ಮೇಲೆ ಹನಿ ಮೂಡಿದರೆ ಒರೆಸೋಕೆ ಹೋಗಬೇಡಿ, ಬೆರಳ ಗುರುತು ಹಾಗೇ ಉಳಿಯುತ್ತೆ. ಫ್ಯಾನ್ ಹಾಕಿ ಬಿಟ್ಟರೆ ಅದೇ ಆರುತ್ತೆ. ಬೇರೆ ಕಡೆ ಒಯ್ಯೋದಿದ್ದರೆ ಆಟೋ ಬೇಡ, ತೊಡೆ ಮೇಲೂ ಬೇಡ. ಕಾರಿನಲ್ಲಿ ಕಾಲಿಡೋ ಜಾಗದಲ್ಲಿ ಸಮತಟ್ಟಾಗಿಡಿ, ಆನೆಯನ್ನು ಬೇರೆ ಡಬ್ಬದಲ್ಲಿ ಒಯ್ದು ಅಲ್ಲೇ ಕೂರಿಸಿ.