ಶನಿವಾರ, ಭಾನುವಾರ ಎರಡೇ ದಿನದಲ್ಲಿ ಮುಂಬೈ ನೋಡುವುದು ಹೇಗೆ?

ಇಡೀ ಮುಂಬೈ ಸುತ್ತುವ ಆಸೆ ಬಿಟ್ಟು ದಕ್ಷಿಣ ಮುಂಬೈಯನ್ನು ಮನಸಾರೆ ನೋಡಿ. ವಸತಿಯೂ ಫೋರ್ಟ್, ಚರ್ಚ್‌ಗೇಟ್ ಆಸುಪಾಸಿನಲ್ಲೇ ಇರಲಿ.

ಶನಿವಾರ ಬೆಳಿಗ್ಗೆಯೇ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ಗುಹೆಗಳ ದ್ವೀಪಕ್ಕೆ ದೋಣಿ ಹಿಡಿಯಿರಿ. ಸುಮಾರು ಒಂದು ಗಂಟೆಯ ಪಯಣ, ಆಮೇಲೆ ಮೆಟ್ಟಿಲು. ಆದರೆ ಗುಹೆಯ ಅರೆಬೆಳಕಿನಲ್ಲಿ ಆಳೆತ್ತರಕ್ಕೂ ಮೂರು ಪಟ್ಟು ಮೇಲೆದ್ದ ಮೂರು ಮುಖದ ಸದಾಶಿವನ ಎದುರು ನಿಂತರೆ ದಣಿವೆಲ್ಲ ಮರೆಯುತ್ತದೆ. ಅರ್ಧ ದಿನ ಅದಕ್ಕೇ ಕೊಡಿ. ಮಳೆಗಾಲದಲ್ಲಿ ದೋಣಿ ನಿಲ್ಲುವುದುಂಟು; ಸೋಮವಾರ ಗುಹೆಗಳಿಗೆ ರಜೆ. ಸಂಜೆ ಮರೀನ್ ಡ್ರೈವ್.

ಭಾನುವಾರ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ತಿಂಡಿ ತಿನ್ನಿ. ಲೋಕಲ್ ರೈಲನ್ನು ನೆಚ್ಚುವ ಮುನ್ನ ಅಂದು ‘ಮೆಗಾ ಬ್ಲಾಕ್’ ಇದೆಯೇ ಎಂದು ಖಂಡಿತ ನೋಡಿಕೊಳ್ಳಿ. ಹಳಿ ದುರಸ್ತಿಗಾಗಿ ಹಗಲಿನಲ್ಲೇ ಹಲವು ರೈಲುಗಳು ರದ್ದಾಗುತ್ತವೆ. ಊರಿಗೆ ಮರಳುವ ಬಂಡಿ ತಪ್ಪಿದರೆ ಕಷ್ಟ.